ಭೀಮೆಯ ಮೀನು, ಕಾವೇರಿಯ ಹೆಸರು: ಪರಿಸರ ದಾಖಲೆಗಳ ಪಾಠಶುದ್ಧಿಯನ್ನು ಕುರಿತು

ಚಾಕಣ ಎಂಬ ಊರಿನ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಎದುರಾಗುತ್ತದೆ. ಹದಿನೈದನೆಯ ಶತಮಾನದ ನಡುಭಾಗದಲ್ಲಿ ಬಹಮನಿ ಸುಲ್ತಾನನ ಸೇನಾನಿ ಮಲಿಕ್-ಉತ್-ತುಜ್ಜಾರನು ಕೊಂಕಣದ ಮೇಲಿನ ದಂಡಯಾತ್ರೆಗೆ ಈ ಊರನ್ನು ನೆಲೆಯಾಗಿ ಮಾಡಿಕೊಂಡದ್ದು ಒಂದು. ೧೬೬೦ರಲ್ಲಿ ಶಾಯಿಸ್ತಾಖಾನನ ಸೈನ್ಯ ಸಂಗ್ರಾಮದುರ್ಗವೆಂಬ ಇಲ್ಲಿಯ ನೆಲಗೋಟೆಯನ್ನು ಸುಮಾರು ಎರಡು ತಿಂಗಳ ಕಾಲ ಮುತ್ತಿ, ಫಿರಂಗೋಜಿ ನರಸಾಳನಿಂದ ಅದನ್ನು ಕಿತ್ತುಕೊಂಡದ್ದು ಇನ್ನೊಂದು. ಇಂದಿನವರಿಗೆ ಅದು ಮೋಟಾರು ಕಾರ್ಖಾನೆಗಳ ಊರು, ಈರುಳ್ಳಿಯ ಪೇಟೆ. ಪ್ರಸ್ತುತ ಲೇಖನದ ವಿಷಯ ಇವೆಲ್ಲಕ್ಕಿಂತ ಬೇರೆಯಾದುದು. ಈ ಊರಿನ ಸುತ್ತಲಿನ ನದಿಗಳು, ಅವುಗಳ ಮೀನು, ಆ ಮೀನುಗಳನ್ನು ಕುರಿತು ಸುಮಾರು ಇನ್ನೂರು ವರ್ಷಗಳ ಹಿಂದೆ ಒಬ್ಬ ಸೇನಾಧಿಕಾರಿ ಬರೆದಿಟ್ಟ ಕೆಲವು ಪುಟಗಳು, ಆ ಪುಟಗಳಿಂದ ದೂರದ ಕಾವೇರಿಯಲ್ಲಿ ಉಂಟಾದ ಪರಿಣಾಮ: ಇಷ್ಟು ಇಲ್ಲಿಯ ವಸ್ತು.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗೆ ಮೀನಿನ ಗೊಡವೆ ಏಕೆ ಎಂದು ಕೇಳುವವರಿಗೆ ಲೇಖನದ ನಡುವೆ ಉತ್ತರ ದೊರೆಯಬಹುದು. ಮೊದಲು ನದಿಗಳನ್ನು ನೋಡೋಣ. ಚಾಕಣದ ದಕ್ಷಿಣಕ್ಕೆ ದೇಹೂ ಮತ್ತು ಆಳಂದಿಗಳನ್ನು ಹಾಯ್ದು ಇಂದ್ರಾಯಣಿ ಹರಿಯುತ್ತದೆ. ಉತ್ತರಕ್ಕೆ ಭಾಮಾ, ಅದರಾಚೆ, ಇಂದು ರಾಜಗುರುನಗರವೆನಿಸಿಕೊಂಡ ಖೇಡದ ಬಳಿ, ಭೀಮಾ. ಮೂರೂ ತುಳಾಪುರದಲ್ಲಿ ಕೂಡುತ್ತವೆ. ಚಾಕಣದಿಂದ ಶಿಕ್ರಾಪುರದ ಹಾದಿ ಹಿಡಿದು ಪೂರ್ವಕ್ಕೆ ಹೋದರೆ ಶಿರೂರು, ಅಲ್ಲಿ ಘೋಡ ನದಿ. ಪುಣೆಯ ಮುಳಾ-ಮುಠಾ ಸಹ ಕೆಳಗೆ ಭೀಮೆಯನ್ನೇ ಸೇರುತ್ತದೆ. ಭೀಮೆ ಪಂಢರಪುರವನ್ನು ದಾಟಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಮೂಲಕ ಬಂದು ಕೃಷ್ಣೆಯಲ್ಲಿ ಸೇರುವುದು ನಮಗೆಲ್ಲ ತಿಳಿದದ್ದೇ. ಚಾಕಣದ ಮಳೆನೀರು ಕನ್ನಡನಾಡಿಗೆ ಬರುವ ನೀರು. ಮೀನುಗಳಿಗೆ ರಾಜ್ಯದ ಗಡಿಯೂ ಭಾಷೆಯ ಗಡಿಯೂ ಇಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈ ನದಿಗಳ ಮೀನುಗಳನ್ನು ಆಧುನಿಕ ವಿಜ್ಞಾನದ ರೀತಿಯಲ್ಲಿ ಮೊದಲು ಪಟ್ಟಿಮಾಡಿದವನು ವಿಲಿಯಂ ಹೆನ್ರಿ ಸೈಕ್ಸ್ (೧೭೯೦-೧೮೭೨). ೧೮೧೭ರ ಖಡಕಿಯ ಯುದ್ಧದಲ್ಲಿ ಪಾಲುಗೊಂಡಿದ್ದ ಈತನನ್ನು ೧೮೨೪ರಲ್ಲಿ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ ಸರ್ಕಾರದ ಅಂಕಿ-ಅಂಶಗಳ ವರದಿಗಾರನನ್ನಾಗಿ ನೇಮಿಸಿದನು. ೧೮೨೯ರ ಕೊನೆಯಲ್ಲಿ ಆ ಹುದ್ದೆಯನ್ನೇ ರದ್ದುಮಾಡಿದಾಗ ಸೈಕ್ಸ್ ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ. ಸಂಬಳವಿಲ್ಲದೆ ಮುಂದುವರಿಸಿ ೧೮೩೧ರ ಜನವರಿಯಲ್ಲಿ ಮುಗಿಸಿದನು. ದಖ್ಖನಿನ ನಾಲ್ಕು ಕಲೆಕ್ಟರೇಟುಗಳ ಅಂಕಿ-ಅಂಶಗಳನ್ನು ಕುರಿತ ಈತನ ವರದಿ ೧೮೩೮ರಲ್ಲಿ ಅಚ್ಚಾಯಿತು. ಆ ನಾಲ್ಕು ಎಂದರೆ ಪುಣೆ, ಅಹಮದನಗರ, ಖಾನದೇಶ ಮತ್ತು ನಮ್ಮ ಧಾರವಾಡ. ೧೮೩೪ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸ್ಟಾಟಿಸ್ಟಿಕಲ್ ಸೊಸೈಟಿಯ ಸ್ಥಾಪಕರಲ್ಲಿ ಸೈಕ್ಸನೂ ಒಬ್ಬನು. ಮುಂದೆ ಅದರ ಅಧ್ಯಕ್ಷನೂ ಆದನು. ಕಂಪನಿ ಸರ್ಕಾರಕ್ಕೆ ಈ ಅಂಕಿಗಳು ಯಾತಕ್ಕೆ ಬೇಕಾಗಿದ್ದವು ಎಂಬುದು ಗುಟ್ಟೇನಲ್ಲ. ಕಂದಾಯದ ಲೆಕ್ಕಕ್ಕೆ ಹುಟ್ಟಿದ ಅಳತೆಗೋಲು ಹಕ್ಕಿ, ಮೀನು, ಮಳೆಗಳಿಗೂ ಚಾಚಿಕೊಂಡಿತು.

ಆದರೂ ಅಳತೆಯ ಬಗ್ಗೆ ಈತನಿಗಿದ್ದ ಎಚ್ಚರ ಮೆಚ್ಚತಕ್ಕದ್ದು. ದಖ್ಖನಿನಲ್ಲಿ ವಾಯುಭಾರಮಾಪಕದ ಪಾದರಸ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವುದನ್ನು, ಗಂಟೆಗಳನ್ನು ಗೊತ್ತುಮಾಡಿಕೊಂಡು, ವರ್ಷಗಟ್ಟಲೆ ಗುರುತುಹಾಕಿ ೧೮೩೫ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಸಾಮಾನ್ಯ ಉಷ್ಣಮಾಪಕವನ್ನು ಕುದಿಯುವ ನೀರಿನಲ್ಲಿಟ್ಟು ಬೆಟ್ಟಗಳ ಎತ್ತರವನ್ನು ಎಷ್ಟರ ಮಟ್ಟಿಗೆ ನಂಬಿಕೆಯಿಂದ ಅಳೆಯಬಹುದೆಂಬುದನ್ನು ಕುರಿತು ೧೮೩೮ರಲ್ಲಿ ಬರೆದನು. ಉಪಕರಣವೂ ತಪ್ಪು ಹೇಳಬಲ್ಲದು, ಆ ತಪ್ಪನ್ನೂ ಅಳೆದಿಡಬೇಕು ಎಂಬ ವಿವೇಕ ಇಲ್ಲಿ ಕಾಣುತ್ತದೆ. ೧೮೩೨ರಲ್ಲಿ ಪ್ರಕಟವಾದ ದಖ್ಖನಿನ ಪಕ್ಷಿಗಳ ಪಟ್ಟಿಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಹಕ್ಕಿಗಳ ಚರ್ಮಗಳನ್ನು ಆತ ಇಂಗ್ಲೆಂಡಿಗೆ ಒಯ್ದುದರಿಂದ ಅನಂತರದವರು ಅವುಗಳನ್ನು ಕೈಯಲ್ಲಿ ಹಿಡಿದು ನೋಡಲು ಸಾಧ್ಯವಾಯಿತು.

ಮೀನುಗಳ ವಿಷಯದಲ್ಲಿ ಹೀಗಾಗಲಿಲ್ಲ. ಸೈಕ್ಸನ ‘ದಖ್ಖನಿನ ಮೀನುಗಳು’ ಸಂಗ್ರಹರೂಪದಲ್ಲಿ ೧೮೩೯ರಲ್ಲಿಯೂ ಚಿತ್ರಗಳೊಡನೆ ವಿಸ್ತಾರವಾಗಿ ೧೮೪೧ರಲ್ಲಿಯೂ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪ್ರಕಟಣೆಗಳಲ್ಲಿ ಬಂದಿತು. ಅದರಲ್ಲಿ ಆತ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ಹೊಸ ಪ್ರಭೇದಗಳಿಗೆ ಇಂಗ್ಲೆಂಡಿನ ಗೆಳೆಯರ ಹೆಸರುಗಳನ್ನು ಮಾತ್ರ ಇಡದೆ (ಅವೂ ಕೆಲವು ಇವೆ), ಬೆಸ್ತರ ಬಾಯಿಯ ಮರಾಠಿ ಹೆಸರುಗಳನ್ನೇ ಹಲವಕ್ಕೆ ಉಳಿಸಿದ್ದು. ಖುದ್ರೀ, ಮುಸುಲ್ಲಾ, ಕೋಲುಸ್, ನುಕ್ಟಾ, ರೋಹ್ತೀ ಎಂಬುವು ಹಾಗೆ ವಿಜ್ಞಾನದ ಲ್ಯಾಟಿನ್ನಿಗೆ ಹೊಕ್ಕವು. ಮರಾಠಿಯ ಉಚ್ಚಾರ ಇಂಗ್ಲಿಷ್ ಕಿವಿಗೆ ಬಿದ್ದು, ಇಂಗ್ಲಿಷ್ ಕಾಗುಣಿತದಲ್ಲಿ ಕೂತು, ಆಮೇಲೆ ಲ್ಯಾಟಿನ್ನಿನ ವೇಷ ತೊಟ್ಟಿತು. ಈ ಮೂರು ಜರಡಿಗಳಲ್ಲಿ ಏನೇನು ಸೋರಿತೋ! ಅದು ಬೇರೆಯೇ ಲೇಖನದ ವಿಷಯ. ಹೆಸರಿನೊಡನೆ ದೊರೆತ ಸ್ಥಳವನ್ನೂ ಆತ ಬರೆದನು. ಖುದ್ರೀ ಸಿಕ್ಕಿದ್ದು ಪುಣೆಯಿಂದ ಎಂಟು ಮೈಲಿ ಪೂರ್ವಕ್ಕೆ ಮುಳಾ-ಮುಠಾದಲ್ಲಿ. ಮುಸುಲ್ಲಾ ಸಿಕ್ಕಿದ್ದು ಶಿರೂರಿನ ಬಳಿ ಘೋಡ ನದಿಯಲ್ಲಿ. ಚಾಕಣದಿಂದ ಎರಡೂ ಸ್ಥಳಗಳು ಒಂದು ದಿನದ ಪಯಣದೊಳಗಿನವು. ಈಜುರೆಕ್ಕೆಗಳ ಕಡ್ಡಿಗಳ ಎಣಿಕೆಯನ್ನೂ ಕೊಟ್ಟನು, ಚಿತ್ರ ಬರೆಸಿದನು. ಆದರೆ ಖುದ್ರೀ ಮತ್ತು ಮುಸುಲ್ಲಾಗಳನ್ನು ವರ್ಣಿಸುವಾಗ ಎದುರಿಗಿದ್ದ ಮೀನುಗಳು ಯಾವ ಸಂಗ್ರಹಾಲಯದಲ್ಲೂ ಉಳಿದುಬಂದಿಲ್ಲ. ಮೂಲಮಾದರಿಯಿಲ್ಲದ ವರ್ಣನೆ ಮಾತ್ರ ಉಳಿಯಿತು.

ಶಾಸನಗಳೊಡನೆ ವ್ಯವಹರಿಸಿದವರಿಗೆ ಇದರ ತೊಂದರೆ ಬೇಗ ಅರ್ಥವಾಗುತ್ತದೆ. ಕಲ್ಲು ಒಡೆದುಹೋಗಿ, ಪಡಿಯಚ್ಚೂ ಇಲ್ಲದೆ, ಯಾರೋ ಒಬ್ಬರು ಓದಿ ಬರೆದುಕೊಂಡ ಪಾಠವೊಂದೇ ಉಳಿದಿದ್ದರೆ, ಅನುಮಾನ ಬಂದ ಅಕ್ಷರವನ್ನು ಮತ್ತೆ ನೋಡುವುದು ಎಲ್ಲಿ? ಆ ಓದನ್ನು ಒಪ್ಪಬೇಕು, ಇಲ್ಲವೆ ಊಹಿಸಬೇಕು. ಮುಸುಲ್ಲಾದ ವಿಷಯದಲ್ಲಿ ನೂರೆಪ್ಪತ್ತು ವರ್ಷ ನಡೆದದ್ದು ಊಹೆ. ೧೮೭೫ರಿಂದ ೧೮೭೮ರವರೆಗೆ ಫ್ರಾನ್ಸಿಸ್ ಡೇ ‘ಭಾರತದ ಮೀನುಗಳು’ ಎಂಬ ಮಹಾಗ್ರಂಥವನ್ನು ಹೊರತಂದ ಕಾಲದಿಂದಲೂ ದೊಡ್ಡ ಹುರುಪೆಯ, ನಾಲ್ಕು ಮೀಸೆಯ ಮಹಶೀರ್ ಮೀನುಗಳಲ್ಲಿ ಎಷ್ಟು ಪ್ರಭೇದಗಳಿವೆ ಎಂಬ ಗೆರೆ ಒಂದು ಕಡೆ ನಿಲ್ಲಲಿಲ್ಲ. ಭಾರತೀಯ ಮತ್ಸ್ಯಶಾಸ್ತ್ರದ ಹಿರಿಯ ವಿದ್ವಾಂಸರಾದ ಸುಂದರಲಾಲ್ ಹೋರಾ ಅವರು ೧೯೪೩ರಲ್ಲಿ ದಖ್ಖನಿನ ಮಹಶೀರ್‌ಗಳನ್ನು ಕುರಿತು ಬರೆಯುತ್ತ ಮುಸುಲ್ಲಾವನ್ನು ಮಹಶೀರ್‌ಗಳ ಸಾಲಿನಲ್ಲಿ ಇರಿಸಿದರು. ಅಲ್ಲಿಂದ ಆ ಹೆಸರು ಒಂದು ಪುಸ್ತಕದಿಂದ ಇನ್ನೊಂದಕ್ಕೆ ನಡೆಯುತ್ತ ನಡೆಯುತ್ತ ಕಾವೇರಿಗೆ ಬಂದಿತು. ಕಾವೇರಿಯ ಗೂನುಬೆನ್ನಿನ ದೊಡ್ಡ ಮಹಶೀರ್ ಅನ್ನು ಬಹುಕಾಲ ಹಲವರು ‘ಟಾರ್ ಮುಸುಲ್ಲಾ’ ಎಂದೇ ಬರೆದರು. ಘೋಡ ನದಿಯ ಒಂದು ಮೀನಿನ ಮರಾಠಿ ಹೆಸರು ಶಿವನಸಮುದ್ರದ ಕೆಳಗಿನ ಮಡುಗಳ ಮೀನಿಗೆ ಅಂಟಿಕೊಂಡಿತು. ೨೦೧೩ರಲ್ಲಿ ಸಂಶೋಧಕರು ಸೈಕ್ಸನ ವರ್ಣನೆಯನ್ನೂ ಚಿತ್ರವನ್ನೂ ಮತ್ತೆ ಬಿಡಿಸಿ ನೋಡಿ, ಆತ ಮುಸುಲ್ಲಾ ಎಂದು ಕರೆದದ್ದು ಮಹಶೀರ್ ಅಲ್ಲವೇ ಅಲ್ಲ, ಹಿಪ್ಸೆಲೋಬಾರ್ಬಸ್ ಎಂಬ ಬೇರೊಂದು ಕುಲದ ಮೀನು ಎಂದು ವಾದಿಸಿದರು.

ಹಾಗಾದರೆ ಕಾವೇರಿಯ ಗೂನುಬೆನ್ನಿನ ಮೀನು ಯಾವುದು? ೧೮೭೩ರಲ್ಲಿ ಎಚ್.ಎಸ್.ಥಾಮಸ್ ಗಾಳದ ಬೇಟೆಯ ಬಗ್ಗೆ ಬರೆದ ಪುಸ್ತಕದಿಂದ ಲೋಕಕ್ಕೆ ಪರಿಚಿತವಾದ, ೧೯೪೬ರಲ್ಲಿ ೧೨೦ ಪೌಂಡಿನ ಒಂದು ಮೀನಿನಿಂದ ದಾಖಲೆ ಸ್ಥಾಪಿಸಿದ ಈ ಪ್ರಸಿದ್ಧ ಪ್ರಾಣಿಗೆ ೨೦೧೮ರವರೆಗೆ ಖಚಿತವಾದ ಶಾಸ್ತ್ರೀಯ ಹೆಸರೇ ಇರಲಿಲ್ಲ ಎಂದರೆ ನಂಬುವುದು ಕಷ್ಟ. ಆ ವರ್ಷ ಪ್ರಕಟವಾದ ಸಂಶೋಧನೆಯಲ್ಲಿ, ಕಾವೇರಿಯದೇ ಉಪನದಿಯ ಮೇಲ್ಭಾಗವಾದ ಕೇರಳದ ಪಾಂಬಾರಿನ ಮೀನಿಗೆ ಮೊದಲೇ ಇಟ್ಟಿದ್ದ ‘ಟಾರ್ ರೆಮಾದೇವಿಐ’ ಎಂಬ ಹೆಸರೇ ಇದಕ್ಕೂ ಸಲ್ಲತಕ್ಕದ್ದೆಂದು ಸ್ಥಾಪಿತವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು ಅಳಿವಿನ ಅತ್ಯಂತ ಗಂಭೀರ ಅಪಾಯದಲ್ಲಿರುವ ಪ್ರಾಣಿಗಳ ವರ್ಗಕ್ಕೆ ಸೇರಿತು. ಹೆಸರು ದೊರೆತ ವರ್ಷವೇ ಮರಣಶಯ್ಯೆಯ ಸುದ್ದಿ!

ಇಲ್ಲಿ ಪುಣೆ ಜಿಲ್ಲೆಯ ಪಾತ್ರ ಎರಡನೆಯ ಸಲ ಬರುತ್ತದೆ. ೧೯೭೦ರ ದಶಕದಿಂದ ಲೋಣಾವಳದ ಟಾಟಾ ವಿದ್ಯುತ್ ಸಂಸ್ಥೆಯ ಕೆರೆಗಳ ಬಳಿ ಖುದ್ರೀ ಮಹಶೀರ್‌ನ ಮರಿಗಳನ್ನು ಕೃತಕವಾಗಿ ಬೆಳೆಸುವ ಕೆಲಸ ಆರಂಭವಾಗಿ ಯಶಸ್ವಿಯಾಯಿತು. ಅದು ಸಣ್ಣ ಸಾಧನೆಯಲ್ಲ. ಆ ಮರಿಗಳು ಹಲವು ರಾಜ್ಯಗಳ ನದಿಗಳಿಗೆ ಹೋದವು. ಕಾವೇರಿಗೂ ಖುದ್ರೀ ಬಂದಿತು. ಬಿಟ್ಟವರ ಉದ್ದೇಶ ಒಳ್ಳೆಯದೇ ಆಗಿತ್ತು: ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಬಿಡೋಣ. ‘ಮಹಶೀರ್’ ಎಂಬ ಒಂದು ಪದದೊಳಗೆ ಎರಡು ಬೇರೆ ಮೀನುಗಳು ಕೂಡಿಕೊಂಡದ್ದರಿಂದ, ಕಾವೇರಿಯ ಮೂಲನಿವಾಸಿಯನ್ನು ಉಳಿಸುವ ಹೆಸರಿನಲ್ಲಿ ಕೃಷ್ಣಾ-ಭೀಮೆಯ ಮೀನು ಆ ನದಿಯನ್ನು ತುಂಬಿತು. ಗೂನುಬೆನ್ನಿನ ಮೀನಿನ ಕ್ಷಯಕ್ಕೆ ಮರಳು ತೆಗೆಯುವುದು, ಸಿಡಿಮದ್ದಿನ ಬೇಟೆ, ಅಣೆಕಟ್ಟುಗಳಂಥ ಬೇರೆ ಕಾರಣಗಳೂ ಇವೆ. ಎಲ್ಲವನ್ನೂ ಒಂದು ಹೆಸರಿನ ತಪ್ಪಿನ ಮೇಲೆ ಹೊರಿಸಲಾಗದು. ಆದರೆ ಆ ಕ್ಷಯ ಇಷ್ಟು ಕಾಲ ಕಣ್ಣಿಗೆ ಬೀಳದೆ ಹೋದದ್ದಕ್ಕೆ ಹೆಸರಿನ ಗೊಂದಲವೇ ಮುಖ್ಯ ಕಾರಣವೆಂದು ನನ್ನ ತಿಳಿವಳಿಕೆ. ಒಟ್ಟು ಎಣಿಕೆಯಲ್ಲಿ ಮಹಶೀರ್ ಹೆಚ್ಚುತ್ತಿತ್ತು ತಾನೆ!

ಅದನ್ನು ಕೊನೆಗೆ ಹೊರಗೆಡಹಿದ್ದು ವಿಜ್ಞಾನಿಗಳು ಬರೆದ ದಾಖಲೆಯಲ್ಲ, ಗಾಳ ಹಾಕುವ ಹವ್ಯಾಸಿಗಳ ದಿನಚರಿ ಪುಸ್ತಕ ಎಂಬುದು ಈ ಕಥೆಯ ಸ್ವಾರಸ್ಯ. ಕಾವೇರಿಯ ದಂಡೆಯ ಗಾಳಿಬೋರೆ ಶಿಬಿರದಲ್ಲಿ ೧೯೯೮ರಿಂದ ೨೦೧೨ರವರೆಗೆ, ಮೀನನ್ನು ಹಿಡಿದು ಮತ್ತೆ ನೀರಿಗೇ ಬಿಡುತ್ತಿದ್ದವರು, ಎಷ್ಟು ಹೊತ್ತು ಗಾಳ ಹಾಕಿದೆವು, ಯಾವ ಬಗೆಯ ಮೀನು ಬಿತ್ತು, ತೂಕವೆಷ್ಟು ಎಂಬುದನ್ನು ಬರೆದಿಡುತ್ತಿದ್ದರು. ಒಟ್ಟು ೨೩,೬೨೦ ಗಂಟೆಗಳ ಪ್ರಯತ್ನ, ೬,೧೬೧ ಮೀನುಗಳು. ಅವರಿಗೆ ಶಾಸ್ತ್ರೀಯ ಹೆಸರುಗಳ ಹಂಗಿರಲಿಲ್ಲ. ಕಣ್ಣಿಗೆ ಕಂಡಂತೆ ಹೊಂಬಣ್ಣದ ಗೂನುಬೆನ್ನಿನದು ಒಂದು, ನೀಲಿ ರೆಕ್ಕೆಯದು ಇನ್ನೊಂದು ಎಂದು ಬೇರೆ ಬೇರೆಯಾಗಿ ಗುರುತುಹಾಕಿದರು. ಆ ಪುಸ್ತಕಗಳನ್ನು ಪರಿಶೀಲಿಸಿದ ಸಂಶೋಧಕರಿಗೆ, ಅದೇ ಪ್ರಮಾಣದ ಪ್ರಯತ್ನಕ್ಕೆ ನೀಲಿ ರೆಕ್ಕೆಯದು ವರ್ಷದಿಂದ ವರ್ಷಕ್ಕೆ ಹೆಚ್ಚು ಬೀಳುತ್ತ, ಗೂನುಬೆನ್ನಿನದು ವಿರಳವಾಗುತ್ತ ಹೋದದ್ದು ಕಂಡಿತು. ಬಿದ್ದ ಗೂನುಬೆನ್ನಿನ ಮೀನುಗಳ ತೂಕವೋ ಹೆಚ್ಚುತ್ತಿತ್ತು. ಅಂದರೆ ಮುದಿ ಮೀನುಗಳು ಉಳಿದಿದ್ದವು, ಮರಿಗಳು ಬರುತ್ತಿರಲಿಲ್ಲ. ಪ್ರಯತ್ನದ ಗಂಟೆಗಳನ್ನು ಬರೆಯದೆ ಮೀನಿನ ಲೆಕ್ಕವನ್ನಷ್ಟೇ ಬರೆದಿದ್ದರೆ, ಅಥವಾ ಎರಡನ್ನೂ ‘ಮಹಶೀರ್’ ಎಂದು ಒಂದೇ ಅಂಕಣದಲ್ಲಿ ಕೂಡಿಸಿದ್ದರೆ, ಇದರಲ್ಲಿ ಒಂದೂ ತಿಳಿಯುತ್ತಿರಲಿಲ್ಲ.

ಕಂಡದ್ದನ್ನು ಕಂಡಂತೆ ಬರೆಯುವುದು ಒಂದು ಕೆಲಸ. ಅದು ಇಂಥದೆಂದು ತೀರ್ಮಾನಿಸುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಗೆರೆಯಲ್ಲಿ ಬೆರೆಸಿದಾಗ ದಾಖಲೆ ಕೆಡುತ್ತದೆ. ಡಿ.ಎಲ್.ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಬೆಳೆದವರಿಗೆ ಈ ಮಾತು ಹೊಸದೇನಲ್ಲ. ಪ್ರತಿಯಲ್ಲಿರುವ ಪಾಠ ಎಷ್ಟೇ ಅಸಂಬದ್ಧವಾಗಿ ಕಂಡರೂ ಅದನ್ನು ಕಾಣಿಸಬೇಕು. ಸಂಪಾದಕನ ತಿದ್ದುಪಡಿ ಬೇರೆಯಾಗಿ ನಿಲ್ಲಬೇಕು. ಯಾವ ಪ್ರತಿ, ಯಾರ ಕೈಬರಹ, ಎಲ್ಲಿ ದೊರೆಯಿತು ಎಂಬುದನ್ನು ಪೀಠಿಕೆಯಲ್ಲಿ ಹೇಳಬೇಕು. ನಾನು ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಓಲೆಗರಿಯೊಂದನ್ನು ಪ್ರತಿಮಾಡಿಕೊಳ್ಳುತ್ತ, ಒಂದು ಕಂದಪದ್ಯದಲ್ಲಿ ಮಾತ್ರೆ ಹೆಚ್ಚಾಗಿ ಕಂಡ ಪದವನ್ನು ಲಿಪಿಕಾರನ ತಪ್ಪೆಂದು ಬಗೆದು, ತಿದ್ದಿಯೇ ಬರೆದುಕೊಂಡಿದ್ದೆ. ಕೆಲವು ವರ್ಷಗಳ ಮೇಲೆ ಅದೊಂದು ಅಪೂರ್ವವಾದ ದೇಶ್ಯ ಪದವಿರಬಹುದೆಂಬ ಸಂದೇಹ ಬಂದಾಗ ಮತ್ತೆ ಹೋದರೆ ಆ ಗರಿಯ ಅಂಚು ಹುಳು ತಿಂದು ಪುಡಿಯಾಗಿತ್ತು. ನನ್ನ ಟಿಪ್ಪಣಿಯಲ್ಲಿ ಉಳಿದದ್ದು ನನ್ನ ಜಾಣತನ ಮಾತ್ರ. ಸೈಕ್ಸನನ್ನು ಟೀಕಿಸುವಾಗ ನನಗೆ ಈ ಗರಿಯ ನೆನಪಾಗುತ್ತದೆ. ಆತನಾದರೋ ಸ್ಥಳವನ್ನು ಬರೆದಿದ್ದನು, ಕಡ್ಡಿಗಳನ್ನು ಎಣಿಸಿದ್ದನು, ಬೆಸ್ತರ ಪದವನ್ನು ಉಳಿಸಿದ್ದನು. ಆದ್ದರಿಂದಲೇ ನೂರೆಪ್ಪತ್ತು ವರ್ಷಗಳ ಮೇಲಾದರೂ ತಪ್ಪನ್ನು ಹಿಡಿಯುವುದು ಸಾಧ್ಯವಾಯಿತು.

ಇಷ್ಟನ್ನೂ ಕೊಡದ ಪಟ್ಟಿಯ ಗತಿ ಏನಾಗುತ್ತದೆಂಬುದಕ್ಕೆ ನಮ್ಮ ಪರಂಪರೆಯಲ್ಲಿಯೇ ನಿದರ್ಶನವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಮೂವತ್ತಕ್ಕೂ ಹೆಚ್ಚು ಮೀನುಗಳ ಹೆಸರುಗಳಿವೆ. ಕಡಲಿನವು, ನದಿಯವು, ಹುರುಪೆಯುಳ್ಳವು, ಇಲ್ಲದವು ಎಂಬ ವಿಂಗಡಣೆಯಿದೆ. ಯಾವುದಕ್ಕೆ ಏನು ಎರೆ ಹಾಕಬೇಕೆಂಬ ವಿವರವಿದೆ. ರಾಜಭೋಗದ ಗ್ರಂಥವೆಂದು ಇದನ್ನು ಬದಿಗಿಡುವುದು ತಪ್ಪು. ನದಿಯ ದಂಡೆಯಲ್ಲಿ ಕೂತು ನೋಡಿದವರ ಅನುಭವ ಇಲ್ಲದೆ ಈ ಬರವಣಿಗೆ ಸಾಧ್ಯವಿಲ್ಲ. ಮೇಲೆ ಹೆಸರಿಸಿದ ಹೋರಾ ಅವರೇ ೧೯೫೧ರಲ್ಲಿ ಈ ಪ್ರಕರಣವನ್ನು ಅಭ್ಯಸಿಸಿ ಮೀನುಗಳನ್ನು ಇಂದಿನ ಪ್ರಭೇದಗಳೊಡನೆ ಹೊಂದಿಸಲು ಯತ್ನಿಸಿದರು. ಆದರೆ ಯಾವ ಹೊಳೆ, ಎಷ್ಟು ಕಡ್ಡಿ ಎಂಬ ಆಧಾರವಿಲ್ಲದಲ್ಲಿ ಹೊಂದಿಕೆ ಊಹೆಯನ್ನು ಮೀರುವುದು ಕಷ್ಟ. ಭೀಮೆಯ ತಪ್ಪಲು ಕಲ್ಯಾಣದ ಆಳ್ವಿಕೆಗೆ ಒಳಪಟ್ಟಿದ್ದ ಕಾಲದ ಮೀನಿನ ಪಟ್ಟಿ ಕೈಯಲ್ಲಿದ್ದೂ, ಅದನ್ನು ಇಂದಿನ ನದಿಯ ಮೇಲೆ ಇಟ್ಟು ಓದಲಾಗದ ಸ್ಥಿತಿ ನಮ್ಮದು.

ಇದು ಹಳೆಯ ಪುಸ್ತಕಗಳ ಜಗಳವಾಗಿ ಮಾತ್ರ ಉಳಿದಿಲ್ಲ. ಪುಣೆಯ ಸುತ್ತಲಿನ ಮೀನುಗಳನ್ನು ೧೯೪೨ರಲ್ಲಿ ಫ್ರೇಸರ್, ೧೯೪೪ರಲ್ಲಿ ಸೂಟರ್, ೧೯೬೩ರಲ್ಲಿ ತೋಣಪಿ ಮತ್ತು ಮುಲ್ಹೇರಕರ್ ಪಟ್ಟಿಮಾಡಿದರು. ೨೦೦೧ರಲ್ಲಿ ಪುಣೆಯ ಸಂಶೋಧಕರು ನಗರ ಪ್ರದೇಶದ ಮೀನುಗಳ ಇಳಿಮುಖವನ್ನು ಕುರಿತು ಬರೆದಾಗ ಹಿಂದಿನ ಈ ಪಟ್ಟಿಗಳೇ ಹೋಲಿಕೆಗೆ ದಾರಿ. ಹಳೆಯ ಪಟ್ಟಿಯಲ್ಲಿದ್ದು ಈಗ ಬಲೆಗೆ ಬೀಳದ ಮೀನು ನಿಜವಾಗಿ ನಾಶವಾಗಿದೆಯೋ, ಅಥವಾ ಹಿಂದಿನವರು ಬೇರೊಂದನ್ನು ಆ ಹೆಸರಿನಿಂದ ಬರೆದಿದ್ದರೋ? ಮಾದರಿ ಉಳಿದಿದ್ದರೆ ತೆಗೆದು ನೋಡಬಹುದು. ಇಲ್ಲವಾದರೆ ‘ಇದ್ದಿತು’ ಎಂಬುದೂ ‘ಇಲ್ಲ’ ಎಂಬುದೂ ಸಮನಾಗಿ ಸಂಶಯಾಸ್ಪದ. ಆಳಂದಿಯ ಬಳಿ ಇಂದ್ರಾಯಣಿಯಲ್ಲಿ ಬಿಳಿಯ ನೊರೆ ಮೇಲೆದ್ದು ಹರಿಯುವ ಚಿತ್ರಗಳನ್ನು ಇತ್ತೀಚಿನ ವರ್ಷಗಳಲ್ಲಿ ವಾರಕರಿಗಳ ಯಾತ್ರೆಯ ಕಾಲದಲ್ಲಿ ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದಾರೆ. ಆ ನೀರು ಏನೇನನ್ನು ಕೊಂದಿದೆ ಎಂದು ನ್ಯಾಯಾಲಯದಲ್ಲಿ ಹೇಳಬೇಕಾಗಿ ಬಂದವರಿಗೆ, ನೊರೆ ಬರುವುದಕ್ಕೆ ಮೊದಲಿನ ನಂಬತಕ್ಕ ಪಟ್ಟಿಯೊಂದು ಬೇಕೇ ಬೇಕು.

ಪಟ್ಟಿಗಳ ಕೊರತೆ ಈಗಿಲ್ಲ. ೨೦೦೨ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಈ ಕಲ್ಪನೆಗೆ ಬಹಳವಾಗಿ ದುಡಿದ ಮಾಧವ ಗಾಡಗೀಳರು ಪುಣೆಯಲ್ಲಿ ಹುಟ್ಟಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಕೆಲಸ ನಿಧಾನವಾಗಿ ಸಾಗಿತ್ತು. ೨೦೧೯ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ೨೦೨೦ರ ಜನವರಿಯ ಕೊನೆಯೊಳಗೆ ಮುಗಿಸದ ರಾಜ್ಯ ತಿಂಗಳಿಗೆ ೧೦ ಲಕ್ಷ ರೂಪಾಯಿ ತೆರಬೇಕೆಂದು ವಿಧಿಸಿದ ಮೇಲೆ, ಕೆಲವೇ ಸಾವಿರದಷ್ಟಿದ್ದ ದಾಖಲಾತಿಗಳ ಸಂಖ್ಯೆ ಸ್ವಲ್ಪ ಕಾಲದಲ್ಲೇ ಎರಡು ಲಕ್ಷವನ್ನು ಮೀರಿತು. ಇಷ್ಟು ಬೇಗ ಇಷ್ಟು ಊರುಗಳ ಹೊಳೆಗಳಿಗೆ ಯಾರು ಇಳಿದರು? ಅವಸರದ ಲಿಪಿಕಾರ ಏನು ಮಾಡುತ್ತಾನೆಂಬುದು ನಮಗೆ ಗೊತ್ತು: ಪಕ್ಕದ ಪ್ರತಿಯನ್ನು ನೋಡಿ ಬರೆಯುತ್ತಾನೆ. ಪ್ರತಿಗಳು ಎರಡು ಲಕ್ಷವಾದ ಮಾತ್ರಕ್ಕೆ ಸಾಕ್ಷಿಗಳು ಎರಡು ಲಕ್ಷವಾಗುವುದಿಲ್ಲ. ಹತ್ತು ಪ್ರತಿಗಳು ಒಂದೇ ಮಾತೃಕೆಯಿಂದ ಇಳಿದಿದ್ದರೆ ಅವು ಒಂದೇ ಸಾಕ್ಷಿ.

ಈ ದಾಖಲಾತಿಗಳಲ್ಲಿ ಸ್ಥಳೀಯ ಹೆಸರಿಗೆಂದು ಒಂದು ಅಂಕಣವಿರುತ್ತದೆ; ಅದರ ಪಕ್ಕದಲ್ಲಿ ಶಾಸ್ತ್ರೀಯ ಹೆಸರು. ಎರಡನೆಯದನ್ನು ಖಾಲಿ ಬಿಡಲು ಬರೆಯುವವನಿಗೆ ಅಂಜಿಕೆ. ಖಾಲಿ ಬಿಟ್ಟರೆ ಕೆಲಸ ಅಪೂರ್ಣವೆನಿಸೀತು. ನನ್ನ ಅಭಿಪ್ರಾಯದಲ್ಲಿ ಖಾಲಿ ಬಿಟ್ಟ ಮನೆ ಪ್ರಾಮಾಣಿಕವಾದ ಮನೆ; ತಪ್ಪು ತುಂಬಿದ ಮನೆಯಿಂದ ಕಾವೇರಿಯಲ್ಲಿ ಆದದ್ದು ಆಗುತ್ತದೆ. ಮೊದಲನೆಯ ಅಂಕಣದ ಬಗ್ಗೆಯಾದರೆ ಭಾಷೆಯ ವಿಭಾಗಗಳಲ್ಲಿರುವ ನಾವು ಕೈಯಾಡಿಸಬಹುದು. ಖೇಡ, ಚಾಕಣ, ತುಳಾಪುರಗಳ ದಂಡೆಯ ಭೋಯಿ ಮತ್ತು ಕೋಳಿ ಜನ ಮರಾಠಿಯಲ್ಲಿ ಕರೆಯುವ ಮೀನನ್ನೇ ಇಂಡಿ, ಅಫಜಲಪುರ, ಯಾದಗಿರಿಗಳ ದಂಡೆಯ ಅಂಬಿಗರು ಕನ್ನಡದಲ್ಲಿ ಕರೆಯುತ್ತಾರೆ. ಮೀನನ್ನು ಎದುರಿಗಿಟ್ಟುಕೊಂಡು, ದಿನಾಂಕ ಹಾಕಿ, ಹೇಳಿದವರ ಊರನ್ನೂ ಬಲೆ ಬೀಸಿದ ಮಡುವನ್ನೂ ಬರೆದು, ಛಾಯಾಚಿತ್ರ ತೆಗೆದು, ಸಾಧ್ಯವಾದಲ್ಲಿ ಒಂದು ಮೀನನ್ನು ದ್ರಾವಣದಲ್ಲಿ ಸಂಗ್ರಹಾಲಯಕ್ಕೆ ಕಳಿಸಿ, ಈ ಹೆಸರುಗಳನ್ನು ಘಟ್ಟದಿಂದ ಸಂಗಮದವರೆಗೆ ಒಂದೇ ನದಿಯ ಉದ್ದಕ್ಕೆ ಸಂಗ್ರಹಿಸಬೇಕು. ಸೈಕ್ಸ್ ‘ಮುಸುಲ್ಲಾ’ ಎಂದು ಕೇಳಿಸಿಕೊಂಡ ಪದ ಶಿರೂರಿನ ದಂಡೆಯಲ್ಲಿ ಇಂದು ಯಾವ ಮೀನಿಗೆ ನಿಂತಿದೆ ಎಂದು ವಿಚಾರಿಸುವುದರಿಂದ ಅದನ್ನು ಆರಂಭಿಸಬಹುದು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಅಕ್ಟೋಬರ್ ತಿಂಗಳು ಅದಕ್ಕೆ ಅನುಕೂಲ.